ಬೀಜ ಎತ್ತಿಡುವ ಹಕ್ಕು ಎಲ್ಲಿ ಸೋರುತ್ತದೆ

'ಕಂಪನಿ ತಳಿಯ ಬೀಜ ಎತ್ತಿಟ್ಟುಕೊಂಡರೆ ಕೇಸು ಹಾಕುತ್ತಾರಂತೆ, ಹೌದಾ?' ಬೀಜದ ಕಾನೂನಿನ ಮಾತು ಬಂದಲ್ಲೆಲ್ಲ ಮೊದಲು ಏಳುವ ಪ್ರಶ್ನೆ ಇದು. ಕೇಸು ಹಾಕಬಹುದು, ಹಾಕಿದ್ದಾರೆ ಕೂಡ. ಆದರೆ ಕಾನೂನು ರೈತನ ಕಡೆಗಿದೆ. ಎರಡೂ ನಿಜ. ಈ ಎರಡರ ನಡುವಿನ ಸಂದಿಯಲ್ಲೇ ಸಣ್ಣ ಹಿಡುವಳಿದಾರನ ಹಕ್ಕು ಸೋರಿಹೋಗುತ್ತಿರುವುದು.

ಮೊದಲು ಕಾನೂನು ಏನೆನ್ನುತ್ತದೆ ನೋಡೋಣ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಹೊಸ ತಳಿ ಮಾಡಿದವರಿಗೆ ಆ ತಳಿಯ ಬೀಜ ಉತ್ಪಾದಿಸುವ, ಮಾರುವ ಏಕಸ್ವಾಮ್ಯ ಕೊಡುತ್ತದೆ. ಸಾಮಾನ್ಯ ಬೆಳೆಗೆ 15 ವರ್ಷ, ಮರ ಮತ್ತು ಬಳ್ಳಿಗೆ 18 ವರ್ಷ. ಅದೇ ಕಾಯ್ದೆಯ 39ನೇ ಸೆಕ್ಷನ್ ರೈತರದ್ದು. ತಾನು ಬೆಳೆದ ಫಸಲನ್ನು, ಸಂರಕ್ಷಿತ ತಳಿಯ ಬೀಜವೂ ಸೇರಿದಂತೆ, ರೈತ ಎತ್ತಿಡಬಹುದು, ಬಳಸಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಬಹುದು. ಈ ಕಾಯ್ದೆ ಬರುವ ಮುಂಚೆ ಹೇಗೆ ಮಾಡುತ್ತಿದ್ದನೋ ಹಾಗೆಯೇ. ಒಂದೇ ನಿರ್ಬಂಧ: ಬ್ರ್ಯಾಂಡ್ ಮಾಡಿ ಬೀಜ ಮಾರುವಂತಿಲ್ಲ. ಅಂದರೆ ಪ್ಯಾಕೆಟ್‌ಗೋ ಚೀಲಕ್ಕೋ ತುಂಬಿ, ಇದು ಇಂಥ ಸಂರಕ್ಷಿತ ತಳಿ ಎಂದು ಚೀಟಿ ಹಚ್ಚಿ ಮಾರಬಾರದು. ಪಕ್ಕದ ಊರಿನವರಿಗೆ ಗೋಣಿಚೀಲದಲ್ಲಿ 20 ಕೆ.ಜಿ. ಅಳೆದುಕೊಟ್ಟು ದುಡ್ಡು ತೆಗೆದುಕೊಂಡರೆ ತಪ್ಪಿಲ್ಲ. ಅದೇ ಚೀಲಕ್ಕೆ ತಳಿಯ ಹೆಸರು ಅಚ್ಚುಹಾಕಿಸಿದರೆ ತಪ್ಪು.

ಈ ಸೆಕ್ಷನ್ ಶುರುವಾಗುವುದೇ 'ಈ ಕಾಯ್ದೆಯಲ್ಲಿ ಬೇರೇನೇ ಇದ್ದರೂ' ಎಂಬ ಮಾತಿನಿಂದ. ಕಾನೂನಿನ ಭಾಷೆಯಲ್ಲಿ ಇದಕ್ಕೆ ಬಹಳ ತೂಕ. ಕಂಪನಿಗೆ ಏಕಸ್ವಾಮ್ಯ ಕೊಡುವ ಸೆಕ್ಷನ್‌ಗೂ ರೈತನ ಹಕ್ಕಿಗೂ ತಾಕಲಾಟ ಬಂದರೆ ರೈತನ ಹಕ್ಕೇ ಮೇಲು. ಜೊತೆಗೆ 42ನೇ ಸೆಕ್ಷನ್: ಆ ತಳಿಗೆ ಸಂರಕ್ಷಣೆ ಇದೆ ಎಂಬುದೇ ರೈತನಿಗೆ ಗೊತ್ತಿರಲಿಲ್ಲ ಎಂದಾದರೆ ಅದು ಉಲ್ಲಂಘನೆಯಲ್ಲ. 44ನೇ ಸೆಕ್ಷನ್ ಪ್ರಕಾರ ಈ ಕಾಯ್ದೆಯಡಿ, ತಳಿ ನೋಂದಣಿ ನೋಡಿಕೊಳ್ಳುವ ಪ್ರಾಧಿಕಾರದ ಮುಂದಾಗಲಿ ಹೈಕೋರ್ಟಿನ ಮುಂದಾಗಲಿ ನಡೆಯುವ ಪ್ರಕ್ರಿಯೆಗೆ ರೈತ ಶುಲ್ಕ ಕಟ್ಟಬೇಕಿಲ್ಲ.

ಇಷ್ಟೆಲ್ಲ ಇದ್ದೂ ಗುಜರಾತಿನಲ್ಲಿ ಆದದ್ದು ನೋಡಿ. ಎಫ್‌ಎಲ್ 2027 ಎಂಬ ಆಲೂಗಡ್ಡೆ ತಳಿಯನ್ನು ಪೆಪ್ಸಿಕೋ 2016ರ ಫೆಬ್ರುವರಿಯಲ್ಲಿ ನೋಂದಾಯಿಸಿಕೊಂಡಿತು. ವ್ಯಾಪಾರದ ಹೆಸರು ಎಫ್‌ಸಿ5. ನೀರಿನಂಶ ಕಡಿಮೆಯಿರುವ, ಚಿಪ್ಸಿಗೆ ಹೇಳಿಮಾಡಿಸಿದ ಗೆಡ್ಡೆ. 2019ರ ಏಪ್ರಿಲ್‌ನಲ್ಲಿ ಕಂಪನಿಯು ಸಾಬರಕಾಂಠಾ ಜಿಲ್ಲೆಯ ನಾಲ್ವರು ರೈತರ ಮೇಲೆ ಅಹಮದಾಬಾದಿನ ವಾಣಿಜ್ಯ ನ್ಯಾಯಾಲಯದಲ್ಲಿ ದಾವೆ ಹೂಡಿತು. ಒಬ್ಬೊಬ್ಬರಿಂದ ಕೇಳಿದ ಪರಿಹಾರ ಒಂದು ಕೋಟಿ ರೂಪಾಯಿಗೂ ಹೆಚ್ಚು. ಹಿಡುವಳಿ ಮೂರು-ನಾಲ್ಕು ಎಕರೆ. ಆ ಜಮೀನು ಪೂರ್ತಿ ಮಾರಿದರೂ ವಕೀಲರ ಖರ್ಚು ಕಳೆದು ಏನುಳಿಯುತ್ತಿತ್ತು ಎಂದು ಲೆಕ್ಕ ಹಾಕುವುದೂ ಬೇಡ. ರೈತರ ಮಾತು ಕೇಳುವ ಮುಂಚೆಯೇ ನ್ಯಾಯಾಲಯ ತಾತ್ಕಾಲಿಕ ತಡೆ ಕೊಟ್ಟಿತು. ಆಮೇಲೆ ಕಂಪನಿ ರಾಜಿಯ ದಾರಿ ಮುಂದಿಟ್ಟಿತು: ನಮ್ಮಿಂದಲೇ ಬಿತ್ತನೆ ಗೆಡ್ಡೆ ಕೊಂಡು ಫಸಲು ನಮಗೇ ಕೊಡಿ, ಇಲ್ಲವೇ ಈ ತಳಿ ಬೆಳೆಯುವುದಿಲ್ಲ ಎಂದು ಬರೆದುಕೊಡಿ. ದೇಶಾದ್ಯಂತ ವಿರೋಧ ಎದ್ದ ಮೇಲೆ ಮೇ ತಿಂಗಳಲ್ಲಿ ದಾವೆಗಳು ವಾಪಸಾದವು.

ವಾಪಸಾದದ್ದು ಒಳ್ಳೆಯದೇ. ಆದರೆ ಅದರಿಂದಾದ ನಷ್ಟವನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ. ತೀರ್ಪು ಬರದೇ ಕೇಸು ಮುಗಿದಿದ್ದರಿಂದ, 39ನೇ ಸೆಕ್ಷನ್ ಎಲ್ಲಿಯವರೆಗೆ ರೈತನನ್ನು ಕಾಯುತ್ತದೆ ಎಂಬುದನ್ನು ಆ ದಾವೆಗಳಲ್ಲಿ ನ್ಯಾಯಾಲಯ ಹೇಳುವ ಸಂದರ್ಭವೇ ಬರಲಿಲ್ಲ. ನಂತರ ನಡೆದದ್ದು ನೋಂದಣಿಯ ಮೇಲಿನ ಜಗಳ. ರೈತ ಹಕ್ಕುಗಳ ಹೋರಾಟಗಾರ್ತಿ ಕವಿತಾ ಕುರುಗಂಟಿ ಅವರ ಅರ್ಜಿಯ ಮೇಲೆ ಪ್ರಾಧಿಕಾರ 2021ರ ಡಿಸೆಂಬರ್ 3ರಂದು ನೋಂದಣಿ ರದ್ದು ಮಾಡಿತು. 2023ರ ಜುಲೈನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. 2024ರ ಜನವರಿ 9ರಂದು ದ್ವಿಸದಸ್ಯ ಪೀಠ ಆ ಎರಡೂ ಆದೇಶ ತಳ್ಳಿಹಾಕಿತು. ಇದನ್ನು ಕೇಳಿ 'ರೈತರು ಸೋತರು' ಎಂದುಕೊಂಡವರಿದ್ದಾರೆ. ಆ ವ್ಯಾಜ್ಯ ಕಂಪನಿಯ ನೋಂದಣಿ ಸರಿಯಾಗಿ ಆಗಿದೆಯೇ ಎಂಬುದರ ಬಗ್ಗೆ. 39ನೇ ಸೆಕ್ಷನ್ ಕಾಯ್ದೆಯಲ್ಲಿ ಇದ್ದ ಹಾಗೆಯೇ ಇದೆ.

ಹಾಗಾದರೆ ನೋಟಿಸ್ ಬಂದರೆ ಏನು ಮಾಡಬೇಕು? ಹೆದರಿ ಎಲ್ಲಿಗೋ ಸಹಿ ಹಾಕಿಕೊಡುವುದು ಮೊದಲ ತಪ್ಪು. ಉತ್ತರ ಕೊಡದೆ ಮನೆಯಲ್ಲಿ ಇಟ್ಟುಕೊಳ್ಳುವುದು ಎರಡನೆಯದು. ವಕೀಲರ ನೋಟಿಸ್ ಬಂದ ಕೂಡಲೇ ದಾವೆ ಹೂಡಬಹುದಾದ ನ್ಯಾಯಾಲಯದಲ್ಲಿ ಕೇವಿಯಟ್, ಅಂದರೆ ನಮಗೆ ತಿಳಿಸದೆ ಆದೇಶ ಕೊಡಬೇಡಿ ಎಂಬ ಅರ್ಜಿ, ಹಾಕಿಸಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಸೆಕ್ಷನ್‌ನಲ್ಲಿ ಇದಕ್ಕೆ ಅವಕಾಶವಿದೆ. ಕೇವಿಯಟ್ ಇದ್ದರೆ ತಡೆಯಾಜ್ಞೆ ಅರ್ಜಿಯ ಸೂಚನೆ ನಿಮಗೆ ಬರಲೇಬೇಕು, ನಿಮ್ಮ ಬೆನ್ನ ಹಿಂದೆ ಆದೇಶವಾಗುವ ಅಪಾಯ ತಪ್ಪುತ್ತದೆ. ಅದರ ಆಯುಸ್ಸು 90 ದಿನ, ಆಮೇಲೆ ಹೊಸದಾಗಿ ಹಾಕಬೇಕು. ತಳಿ ಹಕ್ಕಿನ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ನಡೆಯುವಂತಿಲ್ಲ, ಆದ್ದರಿಂದ ತಾಲ್ಲೂಕು ಕೋರ್ಟಿನಲ್ಲಿ ಕೇವಿಯಟ್ ಹಾಕಿ ಸುಮ್ಮನೆ ಕೂತರೆ ಪ್ರಯೋಜನವಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಆದಾಯ ಮಿತಿಯೊಳಗಿನವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಇನ್ನೊಂದು ಎಚ್ಚರ: ಗುಜರಾತಿನಲ್ಲಿ ಮಾಲು ಕೊಳ್ಳುವವರ ಸೋಗಿನಲ್ಲಿ ಬಂದು ಸ್ಯಾಂಪಲ್ ಒಯ್ದರು ಎಂದು ರೈತರು ಆಗ ದೂರಿದ್ದರು. ಗುರುತಿಲ್ಲದವರು ಬಂದು 'ಇದು ಯಾವ ತಳಿ, ಎಲ್ಲಿಂದ ತಂದಿರಿ' ಎಂದು ವಿಡಿಯೊ ಮಾಡಿಕೊಳ್ಳುತ್ತಿದ್ದರೆ ಬಾಯಿ ಬಿಡುವ ಮುಂಚೆ ಯಾರು, ಎಲ್ಲಿಯವರು ಎಂದು ಕೇಳಿ.

ನಮ್ಮ ಕಾಯ್ದೆಯಲ್ಲಿ ಈ 39 ಎಲ್ಲಿಂದ ಬಂತು ಎಂಬುದರಲ್ಲಿ ಕರ್ನಾಟಕಕ್ಕೂ ಪಾಲಿದೆ. ವಿಶ್ವ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವದ ದಿನಗಳಲ್ಲಿ, 1992ರ ಡಿಸೆಂಬರ್ ಕೊನೆಯಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿತು. ಮರುವರ್ಷ ಬಳ್ಳಾರಿಯಲ್ಲಿದ್ದ ಅದರ ಘಟಕವನ್ನು ಕೆಡವಿತು. ಆ ಮಾರ್ಗ ಸರಿಯೇ ಎಂದು ಚರ್ಚಿಸಬಹುದು. ಆದರೆ ಬೀಜದ ಪೇಟೆಂಟ್ ಎಂಬುದು ದೆಹಲಿಯ ಅಧಿಕಾರಿಗಳಷ್ಟೇ ಮಾತಾಡುವ ವಿಷಯವಾಗಿ ಉಳಿಯದಂತೆ ಮಾಡಿದ್ದು ಇಂಥ ಚಳವಳಿಗಳೇ.

1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಘಟನೆಯ ಬೌದ್ಧಿಕ ಆಸ್ತಿ ಒಪ್ಪಂದವಾದ ಟ್ರಿಪ್ಸ್‌ನ 27.3(ಬಿ) ವಿಧಿ ಕೇಳುವುದು ಇಷ್ಟೇ: ಸಸ್ಯ ತಳಿಗಳಿಗೆ ಪೇಟೆಂಟ್ ಕೊಡಿ, ಅಥವಾ ನಿಮ್ಮದೇ ಆದ ಪರಿಣಾಮಕಾರಿ ಪ್ರತ್ಯೇಕ ವ್ಯವಸ್ಥೆ ಮಾಡಿ, ಅಥವಾ ಎರಡೂ ಇರಲಿ. ಭಾರತ ಎರಡನೆಯದನ್ನು ಆರಿಸಿಕೊಂಡಿತು. ಪೇಟೆಂಟ್ ಕಾಯ್ದೆಯ 3(ಜೆ) ಸೆಕ್ಷನ್ ಗಿಡ, ಬೀಜ, ತಳಿಗಳಿಗೆ ಪೇಟೆಂಟ್ ಇಲ್ಲ ಎನ್ನುತ್ತದೆ. ಬೇರೆ ಬಡ ದೇಶಗಳ ಮೇಲೆ ಬಿದ್ದಿರುವ ಒತ್ತಡ ಯುಪೋವ್ 1991 ಎಂಬ, ಹೊಸ ಸಸ್ಯ ತಳಿಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ್ದು. ಅದು ತಳಿಗಾರನ ಹಕ್ಕನ್ನು 20 ವರ್ಷಕ್ಕೆ, ಮರ ಮತ್ತು ಬಳ್ಳಿಗಾದರೆ 25 ವರ್ಷಕ್ಕೆ ಏರಿಸುತ್ತದೆ. ಸಂರಕ್ಷಿತ ತಳಿಯ ಬೀಜವನ್ನು ರೈತ ತನ್ನ ಹೊಲಕ್ಕೆ ಮರುಬಿತ್ತನೆ ಮಾಡಿಕೊಳ್ಳಲು ಅನುಮತಿ ಕೊಡುವುದೂ ಬಿಡುವುದೂ ಆಯಾ ಸರ್ಕಾರದ ಇಷ್ಟ. ನೆರೆಯವರಿಗೆ ಕೊಡುವುದಕ್ಕೆ, ಸಂತೆಯಲ್ಲಿ ಮಾರುವುದಕ್ಕೆ ಆ ವಿನಾಯಿತಿಯಲ್ಲಿ ಜಾಗವೇ ಇಲ್ಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಫ್ರೆಂಚ್ ಪ್ರಭಾವದ ದೇಶಗಳ ಬೌದ್ಧಿಕ ಆಸ್ತಿ ಸಂಘಟನೆ 2014ರಲ್ಲಿ ಇದಕ್ಕೆ ಸೇರಿತು. ಆ ಸಂಘಟನೆಯಲ್ಲಿರುವ ಹಲವು ದೇಶಗಳು ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿವೆ, ಅಂಥವಕ್ಕೆ ಟ್ರಿಪ್ಸ್ ನಿಯಮಗಳಿಂದಲೇ 2034ರ ಜುಲೈವರೆಗೆ ವಿನಾಯಿತಿ ಇದೆ. ಕೇಳದೇ ಇದ್ದದ್ದನ್ನು ಕೊಟ್ಟಂತಾಯಿತು. ಗ್ವಾಟೆಮಾಲದಲ್ಲಿ ಇಂಥದ್ದೇ ಕಾನೂನು 2014ರಲ್ಲಿ ಬಂದಾಗ ಜನ ಬೀದಿಗಿಳಿದರು, ಅದೇ ವರ್ಷ ಸಂಸತ್ತು ಅದನ್ನು ರದ್ದು ಮಾಡಿತು.

ಈಗ ಕಾಗದ ಬಿಟ್ಟು ಹೊಲಕ್ಕೆ ಬರೋಣ. ಹಕ್ಕು ಇದ್ದರೂ ಬೀಜ ಎತ್ತಿಡಲು ಆಗದ ಬೆಳೆಗಳಿವೆ. ಮೆಕ್ಕೆಜೋಳ, ಸೂರ್ಯಕಾಂತಿ, ಹತ್ತಿ, ಟೊಮೆಟೊಗಳಲ್ಲಿ ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹೈಬ್ರಿಡ್. ಅದರ ಫಸಲನ್ನು ಮತ್ತೆ ಬಿತ್ತಿದರೆ ತಂದೆ-ತಾಯಿ ಸಾಲುಗಳ ಗುಣಗಳು ಬೇರೆಬೇರೆಯಾಗಿ ಒಡೆದುಕೊಳ್ಳುತ್ತವೆ: ಒಂದು ಗಿಡ ಎತ್ತರ, ಒಂದು ಗಿಡ್ಡ, ಹೂ ಬಿಡುವ ದಿನ ಏರುಪೇರು, ಇಳುವರಿ ಕುಸಿತ. ಇಲ್ಲಿ ಕಂಪನಿಗೆ ಕೋರ್ಟು ಬೇಕಿಲ್ಲ, ಬೀಗ ಬೀಜದೊಳಗೇ ಇದೆ. ಆದ್ದರಿಂದ ಕೊಳ್ಳುವಾಗಲೇ ಚೀಟಿ ಓದಬೇಕು. 'ಹೈಬ್ರಿಡ್' ಅಥವಾ 'ಎಫ್1' ಎಂದಿದ್ದರೆ ಅದು ಒಂದೇ ವರ್ಷದ ಬೀಜ. 'ತಳಿ' ಅಥವಾ 'ವೆರೈಟಿ' ಎಂದಿದ್ದರೆ ಎತ್ತಿಡಬಹುದು.

ಭತ್ತ, ರಾಗಿ, ಶೇಂಗಾ ಸ್ವಕೀಯ ಪರಾಗಸ್ಪರ್ಶದ ಬೆಳೆಗಳು. ಪಕ್ಕದ ತಳಿಯಿಂದ ಮೂರು ಮೀಟರ್ ಅಂತರವಿದ್ದರೂ ಪ್ರಮಾಣಿತ (ಸರ್ಟಿಫೈಡ್) ಬೀಜದ ಮಟ್ಟಕ್ಕೆ ಸಾಕು. ತೊಗರಿ ಹಾಗಲ್ಲ. ಜೇನುನೊಣ ಹೂವಿಂದ ಹೂವಿಗೆ ಪರಾಗ ಒಯ್ಯುವುದರಿಂದ 100 ಮೀಟರ್ ದೂರ ಬೇಕು. ಕಲಬುರಗಿ ಕಡೆ ಹೊಲಕ್ಕೆ ಹೊಲ ತಾಗಿ ತೊಗರಿ ಇರುವಲ್ಲಿ ಇದು ಕಷ್ಟ. ಅಲ್ಲಿ ಅಕ್ಕಪಕ್ಕದ ನಾಲ್ಕು ಜನ ಒಂದೇ ತಳಿ ಬಿತ್ತಿ, ನಡುಭಾಗದ ಗಿಡಗಳಿಂದ ಮಾತ್ರ ಬೀಜ ತೆಗೆಯುವುದು ಒಳ್ಳೆಯ ದಾರಿ. ತೆನೆ ಬರುವ ಹೊತ್ತಿಗೆ ಹೊಲದಲ್ಲಿ ಓಡಾಡಿ ಬೆರಕೆ ಗಿಡ ಕಿತ್ತುಹಾಕಬೇಕು. ಕೊಯ್ಲಾದ ಮೇಲೆ ಅದು ತಡ. ಒಣಗಿಸುವಾಗ ಭತ್ತದ ತೇವಾಂಶ 13%, ರಾಗಿ 12%, ಬೇಳೆಕಾಳು ಮತ್ತು ಶೇಂಗಾ 9% ದಾಟಬಾರದು. ಎತ್ತಿಟ್ಟ ಬೀಜ ಕೆಡುವುದಕ್ಕೆ ಮುಖ್ಯ ಕಾರಣ ಹುಳುವಿಗಿಂತ ಮೊದಲು ಈ ತೇವವೇ. ಬಿತ್ತುವ ಎರಡು ವಾರ ಮುಂಚೆ 100 ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಮೊಳಕೆ ನೋಡಿ. ಭತ್ತಕ್ಕೆ 80, ರಾಗಿ ಮತ್ತು ಬೇಳೆಕಾಳಿಗೆ 75, ಶೇಂಗಾಕ್ಕೆ 70 ಬಂದರೆ ಪ್ರಮಾಣಿತ ಬೀಜದ ಮಟ್ಟದಲ್ಲಿದೆ ಎಂದರ್ಥ. ಸ್ವಲ್ಪ ಕಡಿಮೆ ಬಂದರೆ ಅಷ್ಟರ ಮಟ್ಟಿಗೆ ಬೀಜದ ಪ್ರಮಾಣ ಹೆಚ್ಚಿಸಿ.

ಆಲೂಗಡ್ಡೆಯದು ಇನ್ನೊಂದು ಸಮಸ್ಯೆ. ಹಾಸನದ ಬೆಳೆಗಾರರು ವರ್ಷವರ್ಷ ಜಲಂಧರದಿಂದ ಬರುವ ಕುಫ್ರಿ ಜ್ಯೋತಿ ಬಿತ್ತನೆ ಗೆಡ್ಡೆ ಕೊಳ್ಳುವುದು ಯಾರ ಹಕ್ಕುಸ್ವಾಮ್ಯದಿಂದಲೂ ಅಲ್ಲ. ಅದು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಸಾರ್ವಜನಿಕ ತಳಿ. ನಮ್ಮ ಮುಂಗಾರಿನ ಬೆಚ್ಚನೆ ತೇವದಲ್ಲಿ ಗೆಡ್ಡೆಗೆ ವೈರಸ್ ರೋಗ ಸೇರಿಕೊಂಡು ವರ್ಷದಿಂದ ವರ್ಷಕ್ಕೆ ಇಳುವರಿ ಇಳಿಯುತ್ತದೆ, ಅದಕ್ಕೇ ತಂಪು ಸೀಮೆಯ ಗೆಡ್ಡೆ ಬೇಕು. ಬೀಜದ ಪರಾವಲಂಬನೆಗೆಲ್ಲ ಪೇಟೆಂಟೇ ಕಾರಣ ಎಂದು ಭಾಷಣ ಮಾಡುವವರು ಇದನ್ನು ಗಮನಿಸಬೇಕು. ಕಾರಣ ತಪ್ಪಾಗಿ ಹಿಡಿದರೆ ಔಷಧವೂ ತಪ್ಪುತ್ತದೆ.

ಹತ್ತಿಯಲ್ಲಿ ಮಾತ್ರ ಬೌದ್ಧಿಕ ಆಸ್ತಿಯ ಬೆಲೆ ರೂಪಾಯಿಗಳಲ್ಲಿ ಕಣ್ಣಿಗೆ ಕಾಣುತ್ತದೆ. ಕಾಯಿಕೊರಕ ಹುಳು ತಡೆಯುವ ವಂಶವಾಹಿ ಸೇರಿಸಿದ ಬಿಟಿ ಹತ್ತಿಯ 450 ಗ್ರಾಂ ಪ್ಯಾಕೆಟ್ ಒಂದು ಕಾಲಕ್ಕೆ ₹1,850. ಅದರಲ್ಲಿ ₹1,250 ಬರೀ ವಂಶವಾಹಿಯ ಶುಲ್ಕ. ಬೇಸರದ ಸಂಗತಿ ಎಂದರೆ ಆ ಮೊದಲ ತಲೆಮಾರಿನ ಬಿಟಿ ಗುಣಕ್ಕೆ ಭಾರತದಲ್ಲಿ ಪೇಟೆಂಟೇ ಇರಲಿಲ್ಲ. ತಂತ್ರಜ್ಞಾನ ಕೊಟ್ಟ ಕಂಪನಿಗೂ ಬೀಜ ಕಂಪನಿಗಳಿಗೂ ಆದ ಕರಾರಿನ ಹೆಸರಲ್ಲಿ ಆ ಹಣ ರೈತನ ಜೇಬಿನಿಂದ ಹೋಯಿತು. 2006ರಲ್ಲಿ ಆಂಧ್ರಪ್ರದೇಶ ಸರ್ಕಾರ ಏಕಸ್ವಾಮ್ಯ ನಿಯಂತ್ರಣ ಆಯೋಗಕ್ಕೆ ದೂರು ಕೊಟ್ಟಿತು, ಪ್ಯಾಕೆಟ್ ಬೆಲೆ ₹750ಕ್ಕೆ ಇಳಿಯಿತು. 2016ರಿಂದ ಕೇಂದ್ರವೇ ದರ ನಿಗದಿ ಮಾಡತೊಡಗಿತು. ಎರಡನೇ ತಲೆಮಾರಿನ ಬಿಟಿಗೆ ಆಗ ₹800, ಅದರೊಳಗೆ ಶುಲ್ಕ ₹49. ಅದರ ಪೇಟೆಂಟ್ ಅವಧಿ 2019ರಲ್ಲಿ ಮುಗಿಯಿತು, 2020ರಲ್ಲಿ ಶುಲ್ಕ ಸೊನ್ನೆಯಾಯಿತು, ಆಗ ಬೆಲೆ ₹730 ಇತ್ತು. ₹1,250ರಿಂದ ಸೊನ್ನೆಗೆ ಬರಲು ಬೇಕಾದದ್ದು ಸರ್ಕಾರದ ಮನಸ್ಸು, ಒಂದು ದೂರು, ಒಂದು ಬೆಲೆ ನಿಯಂತ್ರಣ ಆದೇಶ. ಇಂಥ ಆದೇಶ ಹೊರಡಿಸುವ ಧೈರ್ಯ ಸಾಲದ ಸುಳಿಯಲ್ಲಿರುವ ಸಣ್ಣ ದೇಶಕ್ಕೆ ಎಲ್ಲಿಂದ ಬರಬೇಕು?

ಬೀಜ ಕೈಕೊಟ್ಟಾಗ ಉಪಯೋಗಕ್ಕೆ ಬರುವ ಇನ್ನೊಂದು ಉಪಸೆಕ್ಷನ್ 39(2). ಸಂರಕ್ಷಿತ ತಳಿ ಇಂಥ ಪರಿಸ್ಥಿತಿಯಲ್ಲಿ ಇಷ್ಟು ಇಳುವರಿ ಕೊಡುತ್ತದೆ ಎಂದು ತಳಿಗಾರ ರೈತನಿಗೆ ತಿಳಿಸಬೇಕು, ಅಷ್ಟು ಬಾರದಿದ್ದರೆ ರೈತ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು. ದೋಷಪೂರಿತ ಬೀಜಕ್ಕೆ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ ಎರಡೂ ಕಡೆ ಸೋಲುವುದು ಒಂದೇ ಕಾರಣಕ್ಕೆ: ಬಿಲ್ ಇಲ್ಲ, ಪ್ಯಾಕೆಟ್ ಸುಟ್ಟುಹಾಕಿದ್ದಾರೆ, ಲಾಟ್ ನಂಬರ್ ಗೊತ್ತಿಲ್ಲ. ಬಿಲ್, ಟ್ಯಾಗ್ ಸಮೇತ ಖಾಲಿ ಪ್ಯಾಕೆಟ್, ಒಂದು ಹಿಡಿ ಉಳಿದ ಬೀಜ — ಇವು ಮೂರನ್ನು ಫಸಲು ಮನೆಗೆ ಬರುವವರೆಗೆ ಕಾದಿಡಿ. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಕೃಷಿ ಅಧಿಕಾರಿಯನ್ನು ಕರೆಸಿ ಮಹಜರು ಬರೆಸಿ.

ಕಂಪನಿಯೊಂದಿಗೆ ಕರಾರು ಬೇಸಾಯ ಮಾಡುವವರು ಒಂದು ಷರತ್ತನ್ನು ಮಾತ್ರ ಹುಡುಕಿ ಓದಬೇಕು: ಕಂಪನಿ ತೆಗೆದುಕೊಳ್ಳದೆ ಬಿಟ್ಟ ಸಣ್ಣ ಗೆಡ್ಡೆ, ಎರಡನೇ ದರ್ಜೆ ಮಾಲು ಯಾರದು? ಅದನ್ನು ಬಿತ್ತನೆಗೆ ಬಳಸುವುದಿಲ್ಲ ಎಂದು ಬರೆದಿದ್ದರೆ, ಕಾಯ್ದೆ ಕೊಟ್ಟ ಹಕ್ಕನ್ನು ಕರಾರಿನಲ್ಲಿ ಬಿಟ್ಟುಕೊಡಿ ಎಂದು ಕೇಳುತ್ತಿದ್ದಾರೆ ಎಂದರ್ಥ. ಸಹಿಗೆ ಮುಂಚೆ ಆ ಸಾಲು ಹೊಡೆದುಹಾಕಿಸಲು ಕೇಳಿ.

ಕೊನೆಯದಾಗಿ, ಆದರೆ ನಮ್ಮಲ್ಲಿ ಅತಿ ಕಡಿಮೆ ಗಮನ ಸಿಕ್ಕಿರುವುದು, ನಾಟಿ ತಳಿಗಳ ನೋಂದಣಿ. ಕುಮಟಾದ ಗಜನಿ ಗದ್ದೆಗಳ, ಅಂದರೆ ಕಡಲಿನ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ, ಕಗ್ಗ ಭತ್ತ ಉಪ್ಪುನೀರಿನಲ್ಲೂ ಬೆಳೆಯುತ್ತದೆ. ಸಮುದ್ರ ಏರುತ್ತಿರುವ ಈ ಕಾಲದಲ್ಲಿ ಆ ಗುಣಕ್ಕೆ ಜಗತ್ತಿನಲ್ಲೇ ಬೆಲೆಯಿದೆ. ರಾಜಮುಡಿ, ಗಂಧಸಾಲೆ, ರತ್ನಚೂಡಿ ಭತ್ತಗಳದ್ದೂ ಒಂದೊಂದು ಗುಣ. ಇಂಥ ತಳಿಯಿಂದ ಗುಣ ಪಡೆದು ಬೇರೆಯವರು ಹೊಸ ತಳಿ ನೋಂದಾಯಿಸಿದರೆ ಮೂಲ ಸಮುದಾಯ ಲಾಭದಲ್ಲಿ ಪಾಲು ಕೇಳಬಹುದು, ಕಾಯ್ದೆಯ 26 ಮತ್ತು 41ನೇ ಸೆಕ್ಷನ್‌ಗಳು ಅದಕ್ಕಾಗಿಯೇ ಇವೆ. ಆದರೆ ಮೂಲ ನಮ್ಮದು ಎನ್ನುವುದಕ್ಕೆ ದಾಖಲೆ ಬೇಕು. ಭೌಗೋಳಿಕ ಸೂಚ್ಯಂಕ (ಜಿಐ ಟ್ಯಾಗ್) ಇದ್ದರೆ ಸಾಕು ಎಂದುಕೊಳ್ಳುವುದು ತಪ್ಪು ತಿಳಿವಳಿಕೆ. ಉಡುಪಿಯ ಮಟ್ಟು ಗುಳ್ಳ ಬದನೆಗೆ ಆ ಮಾನ್ಯತೆ ಇದೆ. ಅದು ಹೆಸರನ್ನು ಕಾಯುತ್ತದೆ, ಬೀಜವನ್ನಲ್ಲ. ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು ಅನುಮತಿಯಿಲ್ಲದೆ ಬಿಟಿ ಬದನೆಗೆ ಬಳಸಿದ ಆರೋಪ ಬಂದಾಗ ಹೋರಾಟ ನಡೆದದ್ದು ಜೀವವೈವಿಧ್ಯ ಕಾಯ್ದೆಯಡಿ.

ಒಳ್ಳೆಯ ಉದಾಹರಣೆಯೂ ಇದೆ. ತುಮಕೂರು ಜಿಲ್ಲೆಯ ರೈತ ಕುಟುಂಬವೊಂದರ ಕೆಂಪು ತೊಳೆಯ ಸಿದ್ದು ಹಲಸನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಒಪ್ಪಂದ ಮಾಡಿಕೊಂಡು ಕಸಿ ಗಿಡವಾಗಿ ಹರಡಿತು. ಆದಾಯದ 75% ರೈತ ಕುಟುಂಬಕ್ಕೆ. ತಳಿ ಯಾರದೆಂದು ಮೊದಲೇ ಬರೆದುಕೊಂಡಿದ್ದರಿಂದ ಇದು ಸಾಧ್ಯವಾಯಿತು.

ರೈತರ ತಳಿ ನೋಂದಣಿಗೆ ಅರ್ಜಿ ಶುಲ್ಕವಿಲ್ಲ. ಶಿವಮೊಗ್ಗದಲ್ಲಿ ಪ್ರಾಧಿಕಾರದ ಶಾಖಾ ಕಚೇರಿಯಿದೆ. ಅರ್ಜಿಯೊಂದಿಗೆ ರೈತರ ಘೋಷಣೆ ಬೇಕು, ಅದಕ್ಕೆ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜಿಲ್ಲಾ ಕೃಷಿ ಅಧಿಕಾರಿ ಅಥವಾ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರಂಥವರ ದೃಢೀಕರಣ ಇರಬೇಕು. ತಾಂತ್ರಿಕ ಪ್ರಶ್ನಾವಳಿಯಲ್ಲಿ ಎಲೆ, ಕಾಂಡ, ತೆನೆ, ಕಾಳಿನ ಬಣ್ಣ, ಹೂ ಬಿಡುವ ದಿನಗಳನ್ನೆಲ್ಲ ಕೇಳುತ್ತಾರೆ. ಅದನ್ನು ನೆನಪಿನಿಂದ ತುಂಬಬೇಡಿ, ಬೆಳೆ ನಿಂತಿರುವಾಗ ಅಳತೆಪಟ್ಟಿ ಹಿಡಿದು ಬರೆದಿಡಿ, ಫೋಟೊ ತೆಗೆದಿಡಿ. ಹೆಸರಿನಲ್ಲಿ ಊರಿನ ಹೆಸರು ಸೇರಿದ್ದರೆ ತಕರಾರು ಬರುತ್ತದೆ, ಬರೀ ಅಂಕಿಗಳ ಹೆಸರೂ ನಡೆಯದು. ಕಳಿಸುವ ಬೀಜ ಹೊಸ ಫಸಲಿನದ್ದಾಗಿರಬೇಕು, ಔಷಧ ಸವರಿರಬಾರದು. ಪ್ರಾಧಿಕಾರ ಅದನ್ನು ಎರಡು ಕಡೆ ಒಂದು ಹಂಗಾಮು ಬೆಳೆಸಿ ನೋಡುತ್ತದೆ. ಬೇರೆ ತಳಿಗಳಿಗೆ ಇರುವುದರ ಎರಡರಷ್ಟು ಬೆರಕೆ ಗಿಡಗಳಿಗೆ ರೈತರ ತಳಿಯಲ್ಲಿ ವಿನಾಯಿತಿಯಿದೆ. ಹಾಗಿದ್ದೂ ಅರ್ಜಿ ಬೀಳುವುದು ಹೆಚ್ಚಾಗಿ ಬೆರಕೆಯಿಂದಲೇ, ಅಥವಾ ಸರ್ಕಾರಿ ತಳಿಯೊಂದು ಊರಲ್ಲಿ ಬೇರೆ ಹೆಸರಿನಿಂದ ಉಳಿದುಕೊಂಡದ್ದು ಎಂದು ಗೊತ್ತಾಗುವುದರಿಂದ. ಬೀಜ ಕಳಿಸುವ ಮುಂಚೆ ಎರಡು ವರ್ಷ ತೆನೆ ಆರಿಸಿ ಶುದ್ಧ ಮಾಡಿಕೊಳ್ಳಿ.

ಅರ್ಜಿಯನ್ನು ಒಬ್ಬರ ಹೆಸರಿಗಿಂತ ಸಮುದಾಯದ ಹೆಸರಲ್ಲಿ ಹಾಕುವುದು ಮೇಲು. ಊರಿನವರೆಲ್ಲ ಬೆಳೆಯುವ ತಳಿಯನ್ನು ಒಬ್ಬರೇ ಬರೆಸಿಕೊಂಡರೆ ಜಗಳ ಶುರುವಾಗುವುದು ಅಲ್ಲಿಂದಲೇ. ಹಾಗಾಗಿದ್ದರೆ, ಪ್ರಾಧಿಕಾರದ ಜರ್ನಲ್‌ನಲ್ಲಿ ಅರ್ಜಿ ಪ್ರಕಟವಾದ ಮೂರು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಜರ್ನಲ್ ಓದಲು ಇಂಗ್ಲಿಷ್ ಬಲ್ಲ ಯಾರನ್ನಾದರೂ, ಕಾಲೇಜಿಗೆ ಹೋಗುವ ಮಕ್ಕಳನ್ನಾದರೂ, ತಿಂಗಳಿಗೊಮ್ಮೆ ಕೂರಿಸಿ. ಆಕ್ಷೇಪಕ್ಕೆ ಪುರಾವೆಯಾಗಿ ನಿಲ್ಲುವುದು ಊರಿನ ಬೆಳೆ, ತಳಿ, ಗಿಡಮೂಲಿಕೆಗಳನ್ನು ಬರೆದಿಡುವ ಪಂಚಾಯಿತಿಯ ಪುಸ್ತಕವಾದ ಜನತಾ ಜೀವವೈವಿಧ್ಯ ದಾಖಲಾತಿ. ನಿಮ್ಮ ತಳಿ ಅದರಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಲು ಬರವಣಿಗೆಯಲ್ಲಿ ಕೇಳಿ, ಆ ಪುಟದ ದಿನಾಂಕ ಮತ್ತು ಮೊಹರು ಇರುವ ಪ್ರತಿ ತೆಗೆದಿಟ್ಟುಕೊಳ್ಳಿ.